ಮೊದಲ ಸ್ಟಾರ್ಟಿನ ಹೊಗೆ

ಗ್ಯಾರೇಜಿನ ಮೇಸ್ತ್ರಿ ತೋರುಬೆರಳನ್ನು ಸೈಲೆನ್ಸರಿನ ಬಾಯೊಳಗೆ ಹಾಕಿ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆದಾಗ ಪಕ್ಕದಲ್ಲಿ ನಿಂತಿದ್ದ ಅವನಿಗೆ ನಾಚಿಕೆಯಾಯಿತು. ಕಾರಿನ ವಿಷಯದಲ್ಲಿ ನಾಚಿಕೆಪಡುವುದೇನಿದೆ ಎಂದು ತನಗೆ ತಾನೇ ಹೇಳಿಕೊಂಡರೂ, ತನ್ನ ಬನಿಯನ್ನಿನ ಕಂಕುಳನ್ನು ಯಾರೋ ಬೀದಿಯಲ್ಲಿ ನಿಂತು ಬಿಡಿಸಿ ನೋಡಿದಂತಾಗಿ ಅತ್ತಿತ್ತ ಕಣ್ಣಾಡಿಸಿದ. ಶೆಡ್ಡಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಮೇಸ್ತ್ರಿ ಬೆರಳ ತುದಿಯ ಕಪ್ಪನ್ನು ಹೆಬ್ಬೆರಳಿಗೆ ತಿಕ್ಕಿ, ಬೆಳಕಿಗೆ ಹಿಡಿದು, ನೀವೂ ಮುಟ್ಟಿ ನೋಡಿ ಎನ್ನುವಂತೆ ಮುಂದೆ ಚಾಚಿದ. ಬರೀ ಪೆಟ್ರೋಲು ಹೆಚ್ಚಾಗಿ ಉರಿದಿದ್ದರೆ ಮಸಿ ಒಣಗಿ ಪುಡಿಯಾಗಿರುತ್ತದಂತೆ, ಊದಿದರೆ ಹಾರಿಹೋಗುತ್ತದಂತೆ. ಇದು ಅಂಟುತ್ತಿತ್ತು. ಅವನು ಒಲ್ಲದ ಮನಸ್ಸಿನಿಂದ ಮುಟ್ಟಿದ. ಆಮೇಲೆ ಕರ್ಚೀಫಿಗೆ ಎಷ್ಟು ಒರೆಸಿದರೂ ಬೆರಳಿನ ಗೆರೆಗಳೊಳಗೆ ಕಪ್ಪು ಉಳಿದೇ ಇತ್ತು. ಆಯಿಲ್ ಉರಿಯುತ್ತಿದೆ, ಅದರಲ್ಲಿ ಅನುಮಾನವಿಲ್ಲ, ಎಲ್ಲಿಂದ ಇಳಿದು ಉರಿಯುತ್ತಿದೆ ಅನ್ನುವುದೇ ಪ್ರಶ್ನೆ ಎಂದ ಮೇಸ್ತ್ರಿ. ನಿನ್ನೆ ಸಂಜೆಯೇ ಪ್ಲಗ್ಗುಗಳನ್ನು ಬಿಚ್ಚಿ ನೋಡಿದ್ದನಂತೆ, ಅವುಗಳ ಮೇಲೂ ಜಿಡ್ಡಿನ ಹಕ್ಕಳೆ ಕಟ್ಟಿತ್ತು. ನಾಲ್ಕೂ ಸಿಲಿಂಡರುಗಳ ಒತ್ತಡ ಅಳೆದಿದ್ದ. ಯಾವುದೂ ಕುಸಿದಿರಲಿಲ್ಲ, ಒಂದಕ್ಕೊಂದು ಸಮನಾಗಿದ್ದವು. ಹಾಗಾಗಿ ಪಿಸ್ಟನ್ ರಿಂಗ್ ಸವೆದಿಲ್ಲ, ಇಂಜಿನ್ ಪೂರ್ತಿ ಬಿಚ್ಚಬೇಕಾಗಿಲ್ಲ, ಹೆದರಬೇಡಿ ಎಂದು ಸಮಾಧಾನ ಹೇಳಿದ. ರಾತ್ರಿಯೆಲ್ಲ ತಣ್ಣಗೆ ನಿಂತ ಗಾಡಿ, ಮೊದಲ ಸ್ಟಾರ್ಟಿಗೆ ಏನು ಮಾಡುತ್ತದೆ ನೋಡೋಣವೆಂದೇ ನಿಮ್ಮನ್ನು ಕರೆಸಿದ್ದು ಎಂದು ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡ.

"ನೀವು ಹಿಂದೆ ನಿಂತ್ಕೊಳ್ಳಿ ಸರ್. ಯಾವಾಗ್ಲೂ ಸೀಟಲ್ಲಿ ಕೂರೋರಿಗೆ ಇದು ಕಾಣೋದೇ ಇಲ್ಲ."

ಹಿಂದೆ ನಿಂತ. ಈ ಕಾರಿನ ಹಿಂದೆ ಹೀಗೆ ಕೈಕಟ್ಟಿಕೊಂಡು ನಿಂತದ್ದು ಇದೇ ಮೊದಲು ಅನ್ನುವುದು ಆಗ ಹೊಳೆಯಿತು. ಇಂಜಿನ್ ಕೆಮ್ಮಿ ಹತ್ತಿಕೊಂಡಿತು; ಒಂದು ಕ್ಷಣ ಏನೂ ಇಲ್ಲ, ಮರುಕ್ಷಣ ನೀಲಿ ಬಣ್ಣದ ದಪ್ಪ ಹೊಗೆ ಮೊಣಕಾಲ ಎತ್ತರಕ್ಕೆ ಉರುಳಿ ಬಂದು, ಅಲ್ಲಿಂದ ಮೇಲೆದ್ದು ಅವನ ಎದೆ, ಕತ್ತು, ಮುಖವನ್ನು ಸುತ್ತಿಕೊಂಡಿತು. ಸುಟ್ಟ ಎಣ್ಣೆಯ ವಾಸನೆ ಮೂಗಿಗಲ್ಲ, ನೇರ ಗಂಟಲಿಗೆ ಹೋಯಿತು. ಮೇಸ್ತ್ರಿ ಒಳಗಿನಿಂದ ಆಕ್ಸಿಲರೇಟರ್ ಒತ್ತಿದ, ಹೊಗೆ ಇಮ್ಮಡಿಯಾಯಿತು, ಮತ್ತೆ ಒತ್ತಿದ. ಆ ಸದ್ದು ಅವನಿಗೆ ಗುರುತಿತ್ತು. ಎರಡು ಸಲ ಗಟ್ಟಿಯಾಗಿ, ನಡುವೆ ಒಂದು ಉಸಿರಿನಷ್ಟು ಬಿಡುವು; ದಿನಾ ಬೆಳಿಗ್ಗೆ ತನ್ನ ಬಲಗಾಲು ಮಾಡುತ್ತಿದ್ದ ಸದ್ದು. ಸಾಕು ನಿಲ್ಲಿಸು ಎಂದು ಕೂಗಬೇಕೆಂದುಕೊಂಡ, ಕೆಮ್ಮು ಬಂತು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಹೊಗೆ ತೆಳುವಾಗಿ, ಚದುರಿ, ಇಲ್ಲವೇ ಇಲ್ಲ ಅನ್ನುವ ಹಾಗೆ ಹೋಗಿಬಿಟ್ಟಿತ್ತು. ಸೈಲೆನ್ಸರಿನ ಬಾಯಿ ಏನೂ ಅರಿಯದ ಮುಖ ಮಾಡಿಕೊಂಡು ತೆಳ್ಳಗೆ ನಡುಗುತ್ತಿತ್ತು.

ಮೇಸ್ತ್ರಿ ಇಳಿದು ಬಂದ. ಕಾಯಿಲೆ ಪತ್ತೆಯಾದ ಸಂತೋಷ ಅವನ ಮುಖದಲ್ಲಿತ್ತು. ಮೇಲಿನ ವಾಲ್ವುಗಳ ಕತ್ತಿಗೆ ಒಂದೊಂದು ರಬ್ಬರಿನ ಸೀಲ್ ಇರುತ್ತದೆ, ಹುಡುಗಿಯರ ಬೆರಳಿನ ಉಂಗುರದಷ್ಟು, ವಯಸ್ಸಾಗಿ ಅದು ಕಲ್ಲಾಗಿದೆ, ರಾತ್ರಿಯೆಲ್ಲ ಅದರ ಸಂದಿಯಿಂದ ಆಯಿಲ್ ತೊಟ್ಟು ತೊಟ್ಟಾಗಿ ಸಿಲಿಂಡರಿಗೆ ಇಳಿಯುತ್ತದೆ, ಬೆಳಿಗ್ಗೆ ಒಂದೇ ಏಟಿಗೆ ಉರಿಯುತ್ತದೆ. ಆಮೇಲೆ ಊರೆಲ್ಲ ಸುತ್ತಿದರೂ ಹೊಗೆ ಕಣ್ಣಿಗೆ ಬೀಳುವುದಿಲ್ಲ. ಬಿಸಿಯಾಗುವ ಮುಂಚೆ ರೇಸ್ ಮಾಡಿದರಂತೂ ಕೇಳಲೇಬೇಡಿ ಎಂದ. ಎಷ್ಟು ದಿನದಿಂದ ಹೀಗಾಗಿರಬಹುದು ಎಂದು ಅವನು ಕೇಳಿದ. ಕೇಳುವಾಗ ದನಿ ಹಗುರವಾಗಿರಲೆಂದು ಪ್ರಯತ್ನಪಟ್ಟ. ಮೇಸ್ತ್ರಿ ಸೈಲೆನ್ಸರಿನ ಒಳಮೈಯನ್ನು ಸ್ಕ್ರೂಡ್ರೈವರಿನಿಂದ ಕೆರೆದ. ಹೆಪ್ಪುಗಟ್ಟಿದ ಮಸಿಯ ಚಕ್ಕೆಯೊಂದು ಬಿತ್ತು.

"ನಿನ್ನೆ ಮೊನ್ನೆದಲ್ಲ ಸರ್. ವರ್ಷಗಳೇ ಆಗಿರ್ಬೇಕು. ಗಾಡಿ ನಿಲ್ಲಿಸೋ ಕಡೆ ಹಿಂದಿನ ಗೋಡೆ ಕಪ್ಪಾಗಿದ್ಯಾ?"

"ಇಲ್ಲ," ಎಂದ.

ಎಷ್ಟು ಸಲೀಸಾಗಿ ಬಂತು ಆ ಇಲ್ಲ. ಆಸ್ಪತ್ರೆಯ ಕಡೆಗೆ ನಡೆಯುತ್ತ ಅವನು ಅದನ್ನೇ ಯೋಚಿಸಿದ. ಸೀಲ್ ಹಾಕಿ ಸಂಜೆಗೆ ಗಾಡಿ ಕೊಡುತ್ತೇನೆಂದಿದ್ದ ಮೇಸ್ತ್ರಿ. ತಾನು ಕೆಲಸ ಮಾಡುವ ಅಂಗಡಿಗೆ ಅವನು ಇವತ್ತು ರಜೆ ಹೇಳಿದ್ದ. ಮಧ್ಯಾಹ್ನದೊಳಗೆ ಅತ್ತೆಯನ್ನು ಆಸ್ಪತ್ರೆಯಿಂದ ಬಿಡುತ್ತಾರೆ, ಹೆಂಡತಿ ರಾತ್ರಿಯಿಂದ ಅಲ್ಲೇ ಇದ್ದಾಳೆ. ಗೋಡೆ ಕಪ್ಪಾಗಿತ್ತು. ಅತ್ತೆಯ ಕೋಣೆಯ ಕಿಟಕಿಯ ಕೆಳಗೆ, ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಪ್ಪಾಗಿತ್ತು. ಕೆಲಸದವಳು ವಾರಕ್ಕೊಮ್ಮೆ ಉಜ್ಜುತ್ತಿದ್ದಳು, ಉಜ್ಜುತ್ತ ಗೊಣಗುತ್ತಿದ್ದಳು. ಒಂದು ಸಲ ಹೆಂಡತಿ ಅದೇನದು ಎಂದು ಕೇಳಿದಾಗ ತೇವ ಎಂದಿದ್ದ. ನೀರು ಒಸರುವ ಗೋಡೆಗಳ ಬಗ್ಗೆ ಅವನು ಮಾತಾಡಿದರೆ ಮನೆಯಲ್ಲಿ ಯಾರೂ ಎದುರಾಡುವಂತಿರಲಿಲ್ಲ, ಯಾಕೆಂದರೆ ಸ್ನಾನದಮನೆಯ ಸಾಮಾನು ಮಾರುವ ಅಂಗಡಿಯಲ್ಲಿ ಮ್ಯಾನೇಜರನಾಗಿದ್ದ. ನಲ್ಲಿ, ಕೊಳಾಯಿ, ಟೈಲ್ಸು, ತೇವ, ಇವು ಅವನ ವಿಷಯ. ಒಂದು ಕಾಲಕ್ಕೆ ಅವನದೇ ಅಂಗಡಿಯಿತ್ತು. ಅದು ಮುಚ್ಚಿದ ಮೇಲೆ, ಸ್ವಲ್ಪ ದಿನದ ಮಟ್ಟಿಗೆ ಎಂದು ಹೆಂಡತಿಯ ತವರಿಗೆ ಬಂದು ಕೂತವನು ಮನೆಅಳಿಯನಾಗಿಯೇ ಬಿಟ್ಟ. ಯಾರಾದರೂ ಬಂದರೆ ಅತ್ತೆ, ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು, ತಮ್ಮ ಸ್ಪಷ್ಟವಾದ ಉಚ್ಚಾರದಲ್ಲಿ, "ನಮ್ಮ ಅಳಿಯಂದಿರು, ವ್ಯಾಪಾರದಲ್ಲಿದ್ದಾರೆ" ಎಂದು ಪರಿಚಯಿಸುತ್ತಿದ್ದರು. ವ್ಯಾಪಾರ. ಕಮೋಡು ಎನ್ನಬಾರದೆಂದು ವ್ಯಾಪಾರ. ಬಂದವರು ಹೌದಾ ಎಂದು ಮುಗುಳ್ನಗುತ್ತಿದ್ದರು. ಆ ಮುಗುಳ್ನಗೆಗಳನ್ನೆಲ್ಲ ಅವನು ಒಂದೊಂದಾಗಿ ಎತ್ತಿಟ್ಟುಕೊಂಡಿದ್ದ.

ಕಾರು ಮಾವನದು. ಅವರು ತೀರಿಕೊಂಡ ವರ್ಷ ಅತ್ತೆ ಬೀಗದ ಕೈಯನ್ನು ಅವನ ಮುಂದಿಟ್ಟು, ನೀವೇ ಓಡಿಸಿ, ನಿಂತರೆ ಕೆಡುತ್ತದೆ ಎಂದಿದ್ದರು. ಕೊಟ್ಟೆ ಎಂದಿರಲಿಲ್ಲ, ಓಡಿಸಿ ಎಂದಿದ್ದರು. ಆ ಎರಡು ಮಾತಿನ ನಡುವಿನ ಅಂತರವನ್ನು ಅವನು ಎಷ್ಟೋ ಸಲ ಅಳೆದಿದ್ದ. ಸಂಜೆ ಅಂಗಡಿಯಿಂದ ಬಂದು ಗೇಟಿನಿಂದ ರಿವರ್ಸಿನಲ್ಲಿ ಕಾರನ್ನು ಒಂದೇ ಸಲಕ್ಕೆ ಒಳಗೆ ತಂದು ನಿಲ್ಲಿಸುವುದು ಅವನ ಒಂದು ಸಣ್ಣ ಹೆಮ್ಮೆ. ಹಾಗೆ ನಿಲ್ಲಿಸಿದರೆ ಕಾರಿನ ಮುಖ ಬೀದಿಗೆ, ಬೆನ್ನು ಅತ್ತೆಯ ಕಿಟಕಿಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಹಿಂದೆ ಕಿಟಕಿ ಮುಚ್ಚುವ ಸದ್ದು. ಮರದ ಬಾಗಿಲು, ತಟ್ ಎಂದು ಒಂದು, ಆಮೇಲೆ ಇನ್ನೊಂದು. ಮೊದಲ ದಿನಗಳಲ್ಲಿ ಗಮನಿಸಿರಲಿಲ್ಲ. ಗಮನಿಸಿದ ಮೇಲೆ ಅದೊಂದೇ ಕೇಳತೊಡಗಿತು. ಹೆಡ್‌ಮಿಸ್ ತಡವಾಗಿ ಬಂದ ಹುಡುಗಿಯ ಮುಖಕ್ಕೆ ತರಗತಿಯ ಬಾಗಿಲು ಹಾಕುವುದು ಹೀಗೇ ಇರಬೇಕು ಎನಿಸಿತ್ತು ಅವನಿಗೆ. ನಾನು ಹೊರಡುವುದನ್ನೇ ಕಾಯುತ್ತಾಳೆ ಮುದುಕಿ, ನನ್ನ ಸದ್ದು ಕೂಡ ಆಗುವುದಿಲ್ಲ ಅವಳಿಗೆ. ಆ ಮನೆಯಲ್ಲಿ ಅವನು ಏನೂ ಹೇಳುತ್ತಿರಲಿಲ್ಲ, ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ನುಂಗಲೂ ಆರದೆ ಉಗುಳಲೂ ಆರದೆ ಓಡಾಡುತ್ತಿದ್ದ. ಆದರೆ ಒಂದು ಬೆಳಿಗ್ಗೆ, ಕಿಟಕಿ ಮುಚ್ಚಿದ ಸದ್ದಿಗೆ ಉತ್ತರವೆಂಬಂತೆ ಅವನ ಬಲಗಾಲು ತಾನಾಗಿ ಆಕ್ಸಿಲರೇಟರನ್ನು ಒತ್ತಿತು. ಇಂಜಿನ್ ಗದರಿತು. ಏನು ಹಿತವಾಗಿತ್ತು ಅದು. ಯಾರೂ ಪ್ರಶ್ನೆ ಮಾಡುವಂತಿಲ್ಲ, ಇಂಜಿನ್ ಬಿಸಿಯಾಗಲಿ ಎಂದು ಎಲ್ಲರೂ ಮಾಡುವುದೇ. ಮಾರನೆಯ ದಿನ ಎರಡು ಸಲ ಒತ್ತಿದ. ಆಮೇಲೆ ಅದು ಹಲ್ಲುಜ್ಜಿದ ಹಾಗೆ ದಿನದ ಕೆಲಸವಾಯಿತು.

ಹೊಗೆ ಕಂಡಿರಲಿಲ್ಲವೇ? ರಸ್ತೆ ದಾಟಲು ನಿಂತವನು ತನ್ನನ್ನು ತಾನೇ ಕೇಳಿಕೊಂಡ. ಕನ್ನಡಿಯಲ್ಲಿ ಬೆಳಗಿನ ಹೊತ್ತು ಏನೋ ಮಬ್ಬು ಕಾಣುತ್ತಿತ್ತು, ನಿಜ, ಮಂಜು ಎಂದುಕೊಂಡಿದ್ದ. ಬೇಸಿಗೆಯಲ್ಲಿ? ಬೇಸಿಗೆಯಲ್ಲಿ ಧೂಳು ಎಂದುಕೊಂಡಿದ್ದ. ಅತ್ತೆಯ ಕೆಮ್ಮು ಮುಚ್ಚಿದ ಕಿಟಕಿಯ ಆಚೆಯಿಂದಲೂ ಕೇಳುತ್ತಿತ್ತು, ಅದನ್ನು ನಾಟಕ ಎಂದುಕೊಂಡಿದ್ದ. ಹೀಗೆ ಒಂದೊಂದಕ್ಕೂ ಒಂದೊಂದು ಹೆಸರು ಇಟ್ಟುಕೊಂಡು ಬಂದಿದ್ದ. ಹೋದ ವಾರ ಉಸಿರು ಸಿಕ್ಕಿಕೊಂಡು ಅತ್ತೆಯ ತುಟಿ ನೀಲಿಯಾದಾಗ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹಾರಿಸಿದವನೂ ಅವನೇ. ದಾರಿಯುದ್ದಕ್ಕೂ ಅವನು ನಿಜವಾಗಿಯೂ ಹೆದರಿದ್ದ, ಬದುಕಲಿ ಎಂದು ನಿಜವಾಗಿಯೂ ಬಯಸಿದ್ದ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ವಾರ್ಡಿನಲ್ಲಿ ಡಾಕ್ಟರು ಶ್ವಾಸಕೋಶಗಳು ಹಳತಾಗಿವೆ, ವಯಸ್ಸು, ಎಂದು ಹೇಳಿ, ಹೋಗುವ ಮುಂಚೆ ಒಂದು ಮಾತು ಕೇಳಿದರು: ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ, ಒಲೆ, ಹೊಗೆ, ಏನಾದರೂ ಉಂಟಾ? ಇಲ್ಲ ಎಂದಳು ಹೆಂಡತಿ. ಆಗ ಅವನು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರೂ ಕೇಳದಿದ್ದರೂ, "ಕಾರಿದೆ, ಆದರೆ ಅದು ಹೊರಗೆ ನಿಲ್ಲುತ್ತೆ" ಎಂದುಬಿಟ್ಟ. ಹೆಂಡತಿ ಅವನತ್ತ ನೋಡಲಿಲ್ಲ. ಬಗ್ಗಿ ಅಮ್ಮನ ಹೊದಿಕೆ ಸರಿಮಾಡಿದಳು. ಡಾಕ್ಟರು ಸುಮ್ಮನೆ ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ಅವತ್ತಿನಿಂದ ಅವನಿಗೆ ನಿದ್ದೆ ಸರಿಯಿರಲಿಲ್ಲ, ಕಾರನ್ನು ಮೇಸ್ತ್ರಿಯ ಹತ್ತಿರ ತಂದದ್ದೂ ಅದಕ್ಕೇ. ತಂದಾಗಲೂ ಅವನ ಆಸೆ ಬೇರೆಯೇ ಇತ್ತು. ಏನೂ ಇಲ್ಲ ಸರ್, ಗಾಡಿ ಚಿನ್ನದಂತಿದೆ ಎನ್ನಲಿ ಎಂದು. ಇಲ್ಲವಾದರೆ ಇದು ಈ ತಿಂಗಳಷ್ಟೇ ಶುರುವಾದದ್ದು ಎನ್ನಲಿ ಎಂದು.

ವಾರ್ಡಿನಲ್ಲಿ ಫಿನಾಯಿಲ್ ವಾಸನೆ, ಬೇಯಿಸಿದ ತರಕಾರಿಯ ವಾಸನೆ. ಹೆಂಡತಿ ಚೀಲ ಕಟ್ಟಿಟ್ಟುಕೊಂಡು ಅವನನ್ನೇ ಕಾಯುತ್ತಿದ್ದಳು. ಕಾರು ಏನಾಯಿತೆಂದು ಕೇಳಿದಳು. ಸಣ್ಣ ರಿಪೇರಿ, ಸಂಜೆ ಸಿಗುತ್ತದೆ, ಬಾಡಿಗೆ ಕಾರು ಕರೆಸೋಣ ಎಂದ. ಅಮ್ಮನ ಹತ್ತಿರ ಕೂತಿರಿ, ನಾನು ಔಷಧಿ ತೊಗೊಂಡು ಬರುತ್ತೇನೆಂದು ಅವಳು ಕೆಳಗೆ ಹೋದಳು. ಅವನು ಸ್ಟೂಲಿನ ಮೇಲೆ ಕೂತ. ಅತ್ತೆಯ ಜೊತೆ ಹೀಗೆ ಒಬ್ಬನೇ ಕೂತದ್ದು ಯಾವಾಗ ಎಂದು ನೆನಪಾಗಲಿಲ್ಲ. ಮೂಗಿಗೆ ಹಾಕಿದ್ದ ನಳಿಕೆಯನ್ನು ತೆಗೆದಿದ್ದರು, ಅದು ಒತ್ತಿದ್ದ ಗೆರೆಗಳು ಕೆನ್ನೆಯ ಮೇಲೆ ಉಳಿದಿದ್ದವು. ಯಾರೋ ಕೂದಲನ್ನು ಎರಡು ಜಡೆ ಹಾಕಿದ್ದರು. ತಮ್ಮದೇ ಶಾಲೆಯ ಹುಡುಗಿಯರಂತೆ ಕಾಣುತ್ತಿದ್ದರು. ಅವನ ಬೆರಳಿನ ಕಪ್ಪು ಅವರಿಗೆ ಕಂಡಿತೇನೋ, ಅಥವಾ ವಾಸನೆ ಬಂತೇನೋ, ಗಾಡಿ ಹತ್ತಿರ ಹೋಗಿದ್ದಿರಾ ಎಂದು ಮೆಲ್ಲಗೆ ಕೇಳಿದರು. ಹೌದು ಎಂದ. ಇವರಿಗೆ ಗೊತ್ತಿದೆ, ಮೊದಲಿನಿಂದಲೂ ಗೊತ್ತಿದೆ, ಗೊತ್ತಿದ್ದೇ ಒಂದು ಮಾತೂ ಆಡದೆ ಕಿಟಕಿ ಮುಚ್ಚಿಕೊಂಡು ನನ್ನನ್ನು ಸಣ್ಣವನನ್ನಾಗಿ ಮಾಡುತ್ತ ಬಂದಿದ್ದಾರೆ ಎಂದು ಅವನಿಗೆ ಅನ್ನಿಸಿತು. ಆ ಕ್ಷಣಕ್ಕೆ ತಪ್ಪೊಪ್ಪಿಕೊಳ್ಳುವುದಕ್ಕಿಂತ ಹೆಚ್ಚಾಗಿ ಆ ಮೇಲುಗೈಯನ್ನು ಅವರಿಂದ ಕಿತ್ತುಕೊಳ್ಳುವುದೇ ಅವನಿಗೆ ಬೇಕಾಗಿತ್ತು. ಅದು ಅವನಿಗೆ ಆಗ ತಿಳಿಯಲಿಲ್ಲ. ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡೇ ಬಾಯಿ ತೆರೆದ.

ಕಾರಿನಿಂದ ಹೊಗೆ ಬರುತ್ತಿತ್ತು ಎಂದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ನಿಮ್ಮ ಕಿಟಕಿಗೇ ಬರುತ್ತಿತ್ತು ಎಂದ.

ಅತ್ತೆ ಅದಕ್ಕೇನಂತೆ ಎನ್ನುವ ಹಾಗೆ ಕೈಯೆತ್ತಿದರು. ಉಸಿರಿಗೆ ನಡುನಡುವೆ ನಿಂತು, ಅದು ನನಗೆ ಗೊತ್ತು, ಹಳೆಯ ಗಾಡಿ, ನಮ್ಮವರ ಕೊನೆಗಾಲದಲ್ಲೇ ಸ್ವಲ್ಪ ಸ್ವಲ್ಪ ಬರುತ್ತಿತ್ತು, ಅದಕ್ಕೇ ಕಿಟಕಿ ಹಾಕಿಕೊಳ್ಳುತ್ತಿದ್ದೆ ಎಂದರು. ಮಗಳಿಗೆ ಹೇಳಬೇಡ ಎಂದು ಕೆಲಸದವಳಿಗೆ ತಾಕೀತು ಮಾಡಿದ್ದರಂತೆ. ಹೇಳಿದರೆ ನೀವಿಬ್ಬರೂ ಸೇರಿ ಗಾಡಿ ಮಾರಿಬಿಡುತ್ತೀರಿ ಎಂದು ಭಯ.

"ಬೆಳಿಗ್ಗೆ ಅದರ ಸದ್ದು ಕೇಳಿದ್ರೆ ಮನೇಲಿ ಅವರಿದಾರೆ ಅನ್ಸೋದು," ಎಂದರು. "ನೀವು ಎರಡು ಸಲ ರೇಸ್ ಮಾಡ್ತಿದ್ರಲ್ಲ, ಅವರೂ ಹಾಗೇ. ಇಂಜಿನ್ ಬಿಸಿ ಆಗ್ಲಿ ಅಂತ. ಅವರ ಗಾಡೀನ ಎಷ್ಟು ಜೋಪಾನವಾಗಿ ನೋಡ್ಕೋತಾರೆ ಅಂದ್ಕೋತಿದ್ದೆ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆಮೇಲೆ ಎಷ್ಟೋ ಸಲ ಅವನು ಆ ಕ್ಷಣಕ್ಕೆ ಹಿಂತಿರುಗಿ ಬಂದು, ಬಾಯಿ ಮುಚ್ಚಿಕೊಂಡು, ಅತ್ತೆಯ ಹೊದಿಕೆಯನ್ನು ಎಳೆದು ಸರಿಮಾಡಿ, ಹೌದು ಅತ್ತೆ ಎಂದು ಹೇಳಿದ್ದಿದೆ. ಆದರೆ ಆಗ ಆ ಮೆಚ್ಚುಗೆ ಅವನಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಇದೇ ಮುಖದಿಂದ ಒಂದು ಒಳ್ಳೆಯ ಮಾತಿಗೆ ಹಸಿದಿದ್ದವನು; ಬಂದದ್ದು ಹೀಗೆ, ತನ್ನದಲ್ಲದ್ದಕ್ಕೆ. ಮದುವೆ ಮನೆಯಲ್ಲಿ ಬೇರೆಯವರ ಚಪ್ಪಲಿ ಹಾಕಿಕೊಂಡು ಹೊರಟವನಂತೆ ಕಾಲು ಸುಟ್ಟಿತು.

"ಅದಕ್ಕಲ್ಲ ಅತ್ತೆ," ಎಂದ. "ನೀವು ಕಿಟಕಿ ಹಾಕ್ಕೊಳ್ತಿದ್ರಲ್ಲ, ನನಗೆ ಸಿಟ್ಟು ಬರ್ತಿತ್ತು. ನಿಮ್ಮ ಮೇಲಿನ ಸಿಟ್ಟಿಗೆ ಒತ್ತುತ್ತಿದ್ದೆ. ಬೇಕೂಂತಲೇ."

ಅವರು ಅರ್ಥಮಾಡಿಕೊಳ್ಳಲು ಹೊತ್ತು ತೆಗೆದುಕೊಂಡರು. ಗಣಿತದ ಲೆಕ್ಕವೊಂದನ್ನು ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಹೊಸ ರೀತಿಯಲ್ಲಿ ಬಿಡಿಸಿದರೆ ಹೇಗೆ ಮೊದಲಿನಿಂದ ಸಾಲು ಸಾಲಾಗಿ ನೋಡುತ್ತಾರೋ ಹಾಗೆ ಅವರ ಕಣ್ಣು ಆ ಬೆಳಗುಗಳನ್ನೆಲ್ಲ ಹಿಂದಕ್ಕೆ ಹೋಗಿ ಒಂದೊಂದಾಗಿ ನೋಡಿಬರುತ್ತಿದ್ದುದು ಅವನಿಗೆ ಕಂಡಿತು. ಸಿಟ್ಟಾಗುತ್ತಾರೆ, ಬೈಯುತ್ತಾರೆ ಎಂದು ಕಾದ. ಬೈದಿದ್ದರೆ ಅವನೂ ತನ್ನದೊಂದಿಷ್ಟು ತೆಗೆಯುತ್ತಿದ್ದ: ವ್ಯಾಪಾರದ ಮಾತು, ಬೀಗದ ಕೈಯ ಮಾತು. ಅವರು ಬೈಯಲಿಲ್ಲ. ಪಕ್ಕದ ಮಂಚದವಳ ರೇಡಿಯೋದಲ್ಲಿ ಯಾರೋ ತೋಟದ ಹುಳುಗಳ ಬಗ್ಗೆ ಮಾತಾಡುತ್ತಿದ್ದರು.

"ನನಗ್ಯಾಕೆ ಇದನ್ನ ಹೇಳಿದ್ರಿ?" ಎಂದರು ಕೊನೆಗೆ.

ಅವನು ತಪ್ಪಾಯಿತು ಎಂದೇನೋ ಗೊಣಗಿದ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸಿಟ್ಟಿನಿಂದಲ್ಲ, ದೀಪದ ಬೆಳಕು ಕಣ್ಣಿಗೆ ಚುಚ್ಚಿದವರ ಹಾಗೆ. ಹೊದಿಕೆಯ ಕೆಳಗೆ ಎದೆ ಏರಿಳಿಯುವುದನ್ನು ಅವನು ನೋಡುತ್ತ ಕೂತ. ಹಗುರವಾಗಬಹುದೆಂದುಕೊಂಡಿದ್ದ, ಹಗುರವಾಗಲಿಲ್ಲ. ಅವರಲ್ಲಿದ್ದದ್ದೊಂದು ಹೋಯಿತು, ಅಷ್ಟೆ. ದಿನಾ ಬೆಳಿಗ್ಗೆ ಆ ಮುದುಕಿಗೆ ಗಂಡನ ನೆನಪಾಗಿ ಸಿಗುತ್ತಿದ್ದ ಸದ್ದನ್ನು, ಅವರು ಬದುಕಿರುವಷ್ಟು ಕಾಲ ಯಾರೂ ಮುಟ್ಟಲಾಗದಂತಿದ್ದ ಅದೊಂದನ್ನು, ತಾನು ಈಗ ಸ್ಟೂಲಿನ ಮೇಲೆ ಕೂತು, ಮರ್ಯಾದೆಯ ದನಿಯಲ್ಲಿ, ತೆಗೆದುಕೊಂಡುಬಿಟ್ಟಿದ್ದ. ಹೊಗೆಯನ್ನಾದರೂ ತಿಳಿಯದೆ ಬಿಟ್ಟೆ ಎನ್ನಬಹುದಿತ್ತು.

ಹೆಂಡತಿ ಔಷಧಿಯ ಪೊಟ್ಟಣ ಹಿಡಿದು ಬಂದಳು. ಬಾಡಿಗೆ ಕಾರು ಬಾಗಿಲಿಗೇ ಬಂದಿತ್ತು. ಗಾಲಿಕುರ್ಚಿಯಿಂದ ಎಬ್ಬಿಸುವಾಗ ಅತ್ತೆ ಒಂದು ಕೈಯನ್ನು ಮಗಳ ಹೆಗಲಿಗೆ ಹಾಕಿದರು, ಇನ್ನೊಂದು ಕೈಗೆ ಅವನು ತನ್ನ ಮೊಣಕೈ ಕೊಟ್ಟ. ಅವರು ಹಿಡಿದುಕೊಂಡರು; ಹಿಡಿಯದೆ ವಿಧಿಯಿರಲಿಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಮಗಳು, ಮುಂದೆ ಡ್ರೈವರಿನ ಪಕ್ಕ ಅವನು. ಹೊಸ ಕಾರು, ಓಡುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಸದ್ದಿಲ್ಲ. ಹೆಂಡತಿ ಒಂದೇ ಸಮನೆ ಮಾತಾಡುತ್ತಿದ್ದಳು: ಹೊಸ ದಿಂಬು ತಂದದ್ದು, ಕೆಲಸದವಳಿಗೆ ಬೇಗ ಬರಲು ಹೇಳಿದ್ದು, ಹಾಲಿನವನಿಗೆ ಹೇಳಿದ್ದು. ಅವಳು ಸಂತೋಷವಾಗಿದ್ದಳು. ಅಮ್ಮ ಮನೆಗೆ ಬರುತ್ತಿದ್ದಾಳೆ. ಸಂಜೆ ನಮ್ಮ ಗಾಡಿಯೂ ರಿಪೇರಿಯಾಗಿ ಬರುತ್ತಂತೆ ಕಣಮ್ಮ ಎಂದು ಅವಳು ಹೇಳಿದಾಗ ಅವನು ಕಿಟಕಿಯ ಆಚೆ ನೋಡಿದ.

"ಮಾರಿಬಿಡಿ ಅದನ್ನ," ಎಂದರು ಅತ್ತೆ.

ಹೆಂಡತಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಏನಮ್ಮ ಎಂದಳು. ಅವರು ಮತ್ತೆ ಅದನ್ನೇ ಹೇಳಿದರು. ಮಾರಿಬಿಡಿ, ಹಳೆಯದಾಯಿತು. ಅಪ್ಪನ ಗಾಡಿ ಅದು, ಒಂದು ಗೀರು ಬಿದ್ದರೆ ಊಟ ಬಿಡುತ್ತಿದ್ದವಳು ನೀನು, ಈಗೇನಾಯಿತು ಎಂದು ಹೆಂಡತಿ ನಗಲು ಹೋದಳು. ಅತ್ತೆ ನಗಲಿಲ್ಲ. ಆಮೇಲೆ ಅವನಿಗೆ ತನ್ನ ಕತ್ತಿನ ಹಿಂಭಾಗದ ಮೇಲೆ ಹೆಂಡತಿಯ ನೋಟ ಬಿದ್ದದ್ದು, ಕೈಯಿಟ್ಟಷ್ಟು ಸ್ಪಷ್ಟವಾಗಿ ಗೊತ್ತಾಯಿತು.

"ರೀ," ಎಂದಳು. "ನಾನು ಕೆಳಗೆ ಹೋದಾಗ ಅಮ್ಮಂಗೆ ನೀವೇನಾದ್ರೂ ಅಂದ್ರಾ?"

ಡ್ರೈವರು ಗೇರು ಬದಲಿಸಿದ. ಅವನು ಬಾಯಿ ತೆರೆದ. ಏನು ಹೇಳಬೇಕೆಂದು ಅವನಿಗೆ ತಿಳಿದಿರಲಿಲ್ಲ, ಆದರೆ ಸುಳ್ಳನ್ನೇ ಹೇಳುತ್ತೇನೆ ಎಂಬುದು ತಿಳಿದಿತ್ತು; ಬೆಳಿಗ್ಗೆಯಂತೆಯೇ ಅದು ಸಲೀಸಾಗಿ ನಾಲಿಗೆಗೆ ಬರುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು. ಉಸಿರಿಗೆ ನಿಂತು ನಿಂತು, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಇಡೀ ತರಗತಿಗೆ ಕೇಳುವ ಹಾಗೆ.

"ಅವರೇನೂ ಅಂದಿಲ್ಲ ಕಣೇ. ಪಾಪ, ಅವರೇನು ಮಾಡ್ತಾರೆ."

ಹೆಂಡತಿ ಔಷಧಿಯ ಪೊಟ್ಟಣವನ್ನು ಚೀಲಕ್ಕೆ ತುರುಕಿದಳು. ಅವನಿಗೆ ಮೊದಲು ಅನ್ನಿಸಿದ್ದು ಸಮಾಧಾನ, ಬದುಕಿಕೊಂಡೆ ಎನ್ನುವಂಥ ಶುದ್ಧ ಸಮಾಧಾನ. ಅದು ಮೈಯೆಲ್ಲ ಹರಡಿ, ಹೆಗಲು ಸಡಿಲಾಗಿ, ಬೆನ್ನು ಸೀಟಿಗೆ ಒರಗಿತು. ಆಮೇಲಷ್ಟೇ ಅವರ ಮಾತು, ಆ ‘ಪಾಪ’ವೂ ಸೇರಿ, ಅವನಿಗೆ ಪೂರ್ತಿ ಕೇಳಿಸಿದ್ದು. ಡ್ರೈವರು ಯಾವ ಕಡೆ ತಿರುಗಬೇಕು ಎಂದು ಕೇಳಿದ. ಅವನು ಕೈಮಾಡಿ ಮನೆಯ ದಾರಿ ತೋರಿಸಿದ.